ಹಳೆಯ ಕಂಪ್ಯೂಟರಿಗೂ ಜಿಯೋಜೀಬ್ರಾ: ಅಳವಡಿಸುವ ಬಗೆ, ಕೈಕೊಟ್ಟರೆ ಸರಿಪಡಿಸುವ ಬಗೆ

ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ವರ್ಗ ಬಹುಪದೋಕ್ತಿಯ ನಕ್ಷೆ ಅಲುಗಾಡದೆ ನಿಂತಿರುತ್ತದೆ. ಅದನ್ನೇ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಬರೆದು, ಎಕ್ಸ್ ವರ್ಗದ ಸಹಗುಣಕ ‘ಎ’ಗೆ ಒಂದು ಸ್ಲೈಡರ್ (ಎಳೆದಂತೆ ಬೆಲೆ ಬದಲಿಸುವ ಗುಂಡಿ) ಇಟ್ಟು, ಧನದಿಂದ ಋಣದ ಕಡೆಗೆ ನಿಧಾನವಾಗಿ ಎಳೆಯಿರಿ. ಪರವಲಯ ಅಗಲವಾಗುತ್ತಾ ಹೋಗಿ, ಸೊನ್ನೆ ಮುಟ್ಟಿದ ಕ್ಷಣ ಸರಳರೇಖೆಯಾಗಿ, ಅದನ್ನು ದಾಟಿದ ಕೂಡಲೇ ಬೋರಲು ಬೀಳುತ್ತದೆ. ಇದನ್ನು ಕಣ್ಣಾರೆ ಕಂಡ ಮಗುವಿಗೆ ‘ಎ ಸೊನ್ನೆಯಾಗಿರಬಾರದು’ ಎಂಬ ನಿಬಂಧನೆಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇಷ್ಟು ಮಾಡುವುದಕ್ಕೆ ಹೊಸ ಕಂಪ್ಯೂಟರ್ ಬೇಕಿಲ್ಲ. ಶಾಲೆಯ ಲ್ಯಾಬಿನಲ್ಲಿ 2 ಜಿಬಿ ರ‍್ಯಾಮ್, ವಿಂಡೋಸ್ 7 ಇರುವ ಯಂತ್ರಗಳು ಬಟ್ಟೆ ಹೊದ್ದುಕೊಂಡು ಕೂತಿದ್ದರೆ ಅವೇ ಸಾಕು. ‘ಈ ಕಂಪ್ಯೂಟರಿಗೆ ಆಗಲ್ಲ ಸಾರ್’ ಎಂದು ಕೈಚೆಲ್ಲುವ ಕಡೆಗಳಲ್ಲಿ ಹೆಚ್ಚಿನ ಸಲ ಕೆಟ್ಟಿರುವುದು ಯಂತ್ರವಲ್ಲ, ಅದಕ್ಕೆ ಹಾಕಹೊರಟ ಆವೃತ್ತಿ ಹೊಂದಿಲ್ಲ ಅಷ್ಟೆ. ಅದಕ್ಕೇ ಈ ಬರಹದಲ್ಲಿ ಆವೃತ್ತಿ ಆರಿಸುವ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಜಿಯೋಜೀಬ್ರಾವನ್ನು ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧದ ಭಾಗವಾಗಿ ಆರಂಭಿಸಿದರು. ವಾಣಿಜ್ಯೇತರ ಬಳಕೆಗೆ ಉಚಿತ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಲ್ಲಿ ಅನೇಕರಿಗೆ ಇದರ ಪರಿಚಯವಾದದ್ದು ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ, ಉಬುಂಟು ಎಂಬ ಲಿನಕ್ಸ್ ಹಾಕಿದ ಯಂತ್ರಗಳ ಮೇಲೆ. ಹಾಗಾಗಿ ಇಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹೇಳುತ್ತೇನೆ. ಮೆನುಗಳ ಹೆಸರು, ಟೈಪ್ ಮಾಡಬೇಕಾದ ಸೂತ್ರಗಳು ಕನ್ನಡ ಅಕ್ಷರದಲ್ಲಿವೆ. ಬೇರೆ ಸೂಚನೆ ಇಲ್ಲದ ಕಡೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಮೊದಲು ಯಂತ್ರವನ್ನು ನೋಡಿ

ವಿಂಡೋಸ್ 7ರಲ್ಲಿ ಸ್ಟಾರ್ಟ್ ಮೆನುವಿನ ‘ಕಂಪ್ಯೂಟರ್’ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆಯಿರಿ. ಮೂರು ಸಂಗತಿ ಬರೆದುಕೊಳ್ಳಿ: ರ‍್ಯಾಮ್ ಎಷ್ಟು, ‘ಸಿಸ್ಟಮ್ ಟೈಪ್’ 32 ಬಿಟ್ಟೋ 64 ಬಿಟ್ಟೋ, ‘ಸರ್ವೀಸ್ ಪ್ಯಾಕ್ 1’ (ವಿಂಡೋಸ್ 7ರ ಅಪ್‌ಡೇಟ್‌ಗಳ ಕಟ್ಟು) ಎಂಬ ಸಾಲು ಇದೆಯೋ ಇಲ್ಲವೋ. ಈ ಮೂರನೆಯದನ್ನು ಯಾರೂ ನೋಡುವುದಿಲ್ಲ, ಆದರೆ ಮುಂದೆ ಬರುವ ಅರ್ಧ ತಕರಾರಿನ ಬೇರು ಅಲ್ಲೇ ಇರುತ್ತದೆ. ಲಿನಕ್ಸ್ ಆದರೆ ಟರ್ಮಿನಲ್ಲಿನಲ್ಲಿ ‘ಯುನೇಮ್ -ಎಂ’ ಎಂಬ ಆಜ್ಞೆ ಕೊಡಿ. ಉತ್ತರದಲ್ಲಿ 64 ಕಂಡರೆ 64 ಬಿಟ್. 686 ಎಂದಿದ್ದರೆ 32 ಬಿಟ್.

ಹಾಗೆಯೇ ಗಡಿಯಾರ ನೋಡಿ. ಬಹಳ ದಿನ ಸುಮ್ಮನೆ ಕೂತ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ಗುಂಡನೆಯ ಸೆಲ್ ಸತ್ತಿರುತ್ತದೆ. ಆಗ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರಿಗೆ ಯಾವ ತಾಣದ ಭದ್ರತಾ ಪ್ರಮಾಣಪತ್ರವೂ ಸರಿ ಕಾಣುವುದಿಲ್ಲ, ಡೌನ್‌ಲೋಡ್ ಪುಟವೇ ತೆರೆಯುವುದಿಲ್ಲ. ಅದು ಸಿಆರ್ 2032 ಎಂಬ ಸಾಮಾನ್ಯ ಸೆಲ್, ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಬದಲಿಸಿ ತಾರೀಖು ಸರಿಮಾಡಿ.

ಕಂಪ್ಯೂಟರ್ ಆನ್ ಆಗದೆ ಬರೀ ಬೀಪ್ ಬೀಪ್ ಎನ್ನುತ್ತಿದ್ದರೆ ಪ್ಲಗ್ ಕಿತ್ತು, ಕ್ಯಾಬಿನೆಟ್ ತೆರೆದು, ರ‍್ಯಾಮ್ ಪಟ್ಟಿಯ ಎರಡೂ ತುದಿಯ ಕ್ಲಿಪ್ ಸಡಿಲಿಸಿ ಹೊರತೆಗೆಯಿರಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ಪುಗಳು ಟಕ್ಕೆಂದು ಕೂರುವವರೆಗೆ ಒತ್ತಿ ಮತ್ತೆ ಹಾಕಿ. ಬೀಪ್ ಹೊಡೆಯುವ ಯಂತ್ರಗಳಲ್ಲಿ ಇಷ್ಟಕ್ಕೇ ಎದ್ದು ಕೂರುವಂಥವು ಕಡಿಮೆಯೇನಿಲ್ಲ.

ಯಾವ ಆವೃತ್ತಿ?

ಡೌನ್‌ಲೋಡ್ ಪುಟದಲ್ಲಿ ಕ್ಲಾಸಿಕ್ 6 ಮತ್ತು ಕ್ಲಾಸಿಕ್ 5 ಎಂಬ ಎರಡು ಹೆಸರು ಕಾಣುತ್ತವೆ. ಸಂಖ್ಯೆ ದೊಡ್ಡದೆಂದು ಎಲ್ಲರೂ ಆರನ್ನೇ ಒತ್ತುತ್ತಾರೆ. ಹಳೆಯ ಯಂತ್ರದ ಮಟ್ಟಿಗೆ ಸರಿಯಾದ ಆಯ್ಕೆ ಐದು.

ಕಾರಣ ಇದು. ಕ್ಲಾಸಿಕ್ 6 ನಿಂತಿರುವುದು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ. ಅಂದರೆ ಅದರ ಹೊಟ್ಟೆಯೊಳಗೆ ಕ್ರೋಮ್ ಬ್ರೌಸರಿನ ಎಂಜಿನ್ ಇದೆ. ತೆರೆದ ಕೂಡಲೇ ಒಂದು ಪೂರ್ತಿ ಬ್ರೌಸರ್ ತೆರೆದಷ್ಟೇ ಮೆಮೊರಿ ಕೇಳುತ್ತದೆ. 2023ರ ಆರಂಭದಲ್ಲಿ ಕ್ರೋಮ್ ವಿಂಡೋಸ್ 7 ಮತ್ತು 8.1ನ್ನು ಕೈಬಿಟ್ಟಿತು, 109ನೇ ಆವೃತ್ತಿಯೇ ಅವುಗಳಿಗೆ ಕೊನೆಯದು. ಎಲೆಕ್ಟ್ರಾನ್ ಕೂಡ ತನ್ನ 23ನೇ ಆವೃತ್ತಿಯಿಂದ ಅದೇ ದಾರಿ ಹಿಡಿಯಿತು. ಆ ಹೊಸ ಎಲೆಕ್ಟ್ರಾನ್ ಮೇಲೆ ಕಟ್ಟಿದ ಪ್ರೋಗ್ರಾಂ ವಿಂಡೋಸ್ 7ರಲ್ಲಿ ತೆರೆಯುವುದೇ ಇಲ್ಲ. ರ‍್ಯಾಮ್ ಎಷ್ಟೇ ಹೆಚ್ಚಿಸಿದರೂ ಅದು ಬದಲಾಗದು.

ಕ್ಲಾಸಿಕ್ 5 ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ವಿಂಡೋಸ್ ಇನ್‌ಸ್ಟಾಲರಿನೊಳಗೇ ಬೇಕಾದ ಜಾವಾ ಬರುತ್ತದೆ, ಬೇರೆಯಾಗಿ ಹಾಕಬೇಕಿಲ್ಲ. ಬೀಜಗಣಿತ ನೋಟ, ನಕ್ಷೆ, ಸ್ಲೈಡರ್, ಸ್ಪ್ರೆಡ್‌ಶೀಟ್, ಮೂರು ಆಯಾಮದ ನೋಟ, ಪ್ರೌಢಶಾಲೆ ಮತ್ತು ಪಿಯುಸಿಗೆ ಬೇಕಾದದ್ದೆಲ್ಲ ಇದರಲ್ಲಿದೆ. ಮೆನುಗಳು ಮೇಲೆ ಸಾಲಾಗಿ ಕಾಣುವುದರಿಂದ ಪ್ರೊಜೆಕ್ಟರ್ ಮುಂದೆ ಕಲಿಸುವುದಕ್ಕೂ ಆರಕ್ಕಿಂತ ಐದೇ ಅನುಕೂಲ ಎಂಬುದು ನನ್ನ ಅಭಿಪ್ರಾಯ.

ಕ್ಲಾಸಿಕ್ 5ರಲ್ಲಿಯೂ ಎರಡು ಬಗೆ: ಇನ್‌ಸ್ಟಾಲರ್ ಮತ್ತು ಪೋರ್ಟಬಲ್. ಪೋರ್ಟಬಲ್ ಎಂದರೆ ಒಂದು ಜಿಪ್ ಫೈಲು. ಬಿಚ್ಚಿದರೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ಲ್ಯಾಬಿನ ಅಡ್ಮಿನ್ ಪಾಸ್‌ವರ್ಡ್ ಹಾಕಿದವರು ವರ್ಗವಾಗಿ ಹೋಗಿ, ಈಗ ಅದು ಯಾರಿಗೂ ಗೊತ್ತಿಲ್ಲದ ಶಾಲೆಗಳಿಗೆ ಇದೇ ದಾರಿ.

ವಿಂಡೋಸ್ ಎಕ್ಸ್‌ಪಿ ಇನ್ನೂ ಓಡುತ್ತಿದ್ದರೆ? ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ಗೇ ಮುಗಿದಿದೆ. ಈಗಿನ ಕ್ಲಾಸಿಕ್ 5ನ್ನು ಅದರ ಮೇಲೆ ಹೇರುವ ಬದಲು, ಜಿಯೋಜೀಬ್ರಾದ ಡೌನ್‌ಲೋಡ್ ತಾಣದ ‘ಇನ್‌ಸ್ಟಾಲರ್ಸ್’ ಫೋಲ್ಡರಿನಲ್ಲಿ ಇಟ್ಟಿರುವ 4ನೇ ಸಾಲಿನ ಹಳೆಯ ಆವೃತ್ತಿ ಪ್ರಯತ್ನಿಸಿ. ಮೂರು ಆಯಾಮದ ನೋಟ ಬಂದದ್ದು 5ರಲ್ಲಿ, ಆದ್ದರಿಂದ ಅದೊಂದು ಸಿಗದು. ಉಳಿದ ಪಾಠಗಳಿಗೆ ಅಡ್ಡಿಯಿಲ್ಲ. ಎಕ್ಸ್‌ಪಿ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸಲೇಬೇಡಿ.

ಫೈಲು ತರುವುದು

ಹಳೆಯ ಯಂತ್ರದಲ್ಲೇ ಡೌನ್‌ಲೋಡ್ ಮಾಡಬೇಕೆಂದಿಲ್ಲ. ತಾರೀಖು ಸರಿಯಿದ್ದರೂ ಹಳೆಯ ಬ್ರೌಸರುಗಳು ಎಡವುತ್ತವೆ: ಬಹಳಷ್ಟು ತಾಣಗಳು ನೆಚ್ಚಿಕೊಂಡಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದು, ಅಪ್‌ಡೇಟ್ ಆಗದ ಯಂತ್ರಗಳಲ್ಲಿ ಅಂಥ ತಾಣಗಳು ತೆರೆಯುವುದು ನಿಂತಿತು. ವಿಂಡೋಸ್ 7ರಲ್ಲೇ ಮಾಡಬೇಕಾದರೆ ಫೈರ್‌ಫಾಕ್ಸ್ 115 ಇಎಸ್‌ಆರ್ ಬಳಸಿ, ಅದು ತನ್ನದೇ ಪ್ರಮಾಣಪತ್ರಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಇಲ್ಲವಾದರೆ ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ.

ಪೆನ್‌ಡ್ರೈವಿನ ವಿಷಯದಲ್ಲಿ ಉದಾಸೀನ ಬೇಡ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ವೈರಸ್ ಲ್ಯಾಬಿನಿಂದ ಲ್ಯಾಬಿಗೆ ಹರಡುವುದೇ ಹೀಗೆ. ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ತೆಗೆದುಕೊಳ್ಳಿ, ಬರೆಯುವುದು ಮುಗಿದ ಮೇಲೆ ‘ಸೇಫ್ಲಿ ರಿಮೂವ್’ ಕೊಟ್ಟೇ ಕೀಳಿ. ಹಳೆಯ ಯಂತ್ರಕ್ಕೆ ನಕಲು ಮಾಡಿದ ಮೇಲೆ ಫೈಲಿನ ಗಾತ್ರ ಮೂಲದಷ್ಟೇ ಇದೆಯೇ ಎಂದು ಪ್ರಾಪರ್ಟೀಸ್‌ನಲ್ಲಿ ಬೈಟ್ ಲೆಕ್ಕದಲ್ಲಿ ಹೋಲಿಸಿ. ಅರ್ಧ ಇಳಿದ ಫೈಲಿನಿಂದ ಬರುವ ದೋಷ ಸಂದೇಶಗಳು ದಾರಿ ತಪ್ಪಿಸುವಂಥವು.

ಅಳವಡಿಸುವ ಕ್ರಮ

1. ಸಿ ಡ್ರೈವಿನಲ್ಲಿ ಇಂಗ್ಲಿಷ್ ಹೆಸರಿನ, ನಡುವೆ ಜಾಗ ಬಿಡದ ಒಂದು ಫೋಲ್ಡರ್ ಮಾಡಿ. ಬಳಕೆದಾರರ ಹೆಸರೋ ಫೋಲ್ಡರೋ ಕನ್ನಡದಲ್ಲಿದ್ದರೆ ಹಳೆಯ ಪ್ರೋಗ್ರಾಂಗಳು ಮುಗ್ಗರಿಸುವುದುಂಟು.

2. ಪೋರ್ಟಬಲ್ ಆದರೆ ಜಿಪ್ ಫೈಲನ್ನು ಅಲ್ಲಿಗೆ ನಕಲಿಸಿ, ಬಲಗುಂಡಿ ಒತ್ತಿ ‘ಎಕ್ಸ್‌ಟ್ರಾಕ್ಟ್ ಆಲ್’ ಕೊಡಿ. ಜಿಪ್ ಮೇಲೆ ಎರಡು ಸಲ ಒತ್ತಿದಾಗ ಒಳಗಿನ ಫೈಲುಗಳು ಕಾಣುತ್ತವೆ, ಅಲ್ಲಿಂದಲೇ ಓಡಿಸಲು ಹೋದರೆ ಜೊತೆಯ ಫೈಲು ಸಿಗದೆ ದೋಷ ಬರುತ್ತದೆ. ಪೂರ್ತಿ ಬಿಚ್ಚಿದ ಮೇಲಷ್ಟೇ ‘ಜಿಯೋಜೀಬ್ರಾ’ ಐಕಾನ್ ಒತ್ತಿ.

3. ಇನ್‌ಸ್ಟಾಲರ್ ಆದರೆ ಬಲಗುಂಡಿ ಒತ್ತಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಲ್ಯಾಬಿನ ಎಲ್ಲ ಮಕ್ಕಳ ಖಾತೆಗೂ ಸಿಗಬೇಕೆಂದರೆ ಇದು ಮುಖ್ಯ.

4. ಮೊದಲ ಸಲ ತೆರೆದಾಗ ಕಾಯಿರಿ. ಹಳೆಯ ಹಾರ್ಡ್‌ಡಿಸ್ಕಿನಿಂದ ಜಾವಾ ಏಳುವುದಕ್ಕೆ ಸಮಯ ಬೇಕು, ಆ್ಯಂಟಿವೈರಸ್ ಬೇರೆ ಪ್ರತಿ ಫೈಲನ್ನೂ ತಡೆದು ನೋಡುತ್ತಿರುತ್ತದೆ. ಹಾರ್ಡ್‌ಡಿಸ್ಕ್ ದೀಪ ಮಿನುಗುತ್ತಿರುವಷ್ಟು ಹೊತ್ತು ಮತ್ತೆ ಮತ್ತೆ ಐಕಾನ್ ಒತ್ತಬೇಡಿ. ಒತ್ತಿದಷ್ಟು ಕಿಟಕಿಗಳು ಒಟ್ಟಿಗೇ ತೆರೆದು ಯಂತ್ರ ಸಿಕ್ಕಿಕೊಳ್ಳುತ್ತದೆ.

5. ಕೆಳಗಿನ ಇನ್‌ಪುಟ್ ಪಟ್ಟಿಯಲ್ಲಿ ‘ವೈ = ಎ*ಎಕ್ಸ್^2 + ಬಿ*ಎಕ್ಸ್ + ಸಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎ, ಬಿ, ಸಿಗೆ ಸ್ಲೈಡರ್ ಮಾಡಲೇ ಎಂದು ಕೇಳಿದರೆ ಒಪ್ಪಿ. ಸ್ಲೈಡರ್ ಎಳೆದಾಗ ಪರವಲಯ ಕದಲಿದರೆ ಅಳವಡಿಕೆ ಸರಿಯಾಗಿದೆ.

ತೆರೆಯದಿದ್ದರೆ

‘ನಾಟ್ ಎ ವ್ಯಾಲಿಡ್ ವಿನ್32 ಅಪ್ಲಿಕೇಶನ್’ ಎಂಬ ಸಂದೇಶಕ್ಕೆ ಎರಡೇ ಅರ್ಥ: 32 ಬಿಟ್ ವಿಂಡೋಸಿಗೆ 64 ಬಿಟ್ ಫೈಲು ಕೊಟ್ಟಿದ್ದೀರಿ, ಅಥವಾ ಫೈಲು ಅರ್ಧವೇ ಇಳಿದಿದೆ. ಮೊದಲು ಗಾತ್ರ ನೋಡಿ, ಆಮೇಲೆ ಬಿಟ್.

‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಎಂದು ಶುರುವಾಗುವ ಉದ್ದ ಹೆಸರಿನ, ವಿಂಡೋಸಿನ ಸಹಾಯಕ ಫೈಲಾದ ಡಿಎಲ್‌ಎಲ್ ಕಾಣೆಯಾಗಿದೆ ಎಂದರೆ ವಿಂಡೋಸ್ 7 ಅಪ್‌ಡೇಟ್ ಕಂಡಿಲ್ಲ. ಆ ಒಂದು ಡಿಎಲ್‌ಎಲ್ ಹುಡುಕಿ ಯಾವುದೋ ತಾಣದಿಂದ ಇಳಿಸಿಕೊಳ್ಳಬೇಡಿ, ಅಂಥ ಫೈಲುಗಳ ಜೊತೆ ಏನು ಬರುತ್ತದೋ ಹೇಳಲಾಗದು. ಸರ್ವೀಸ್ ಪ್ಯಾಕ್ 1 ಹಾಕಿ, ಅನಂತರ ಮೈಕ್ರೋಸಾಫ್ಟಿನ ಕೆಬಿ 2999226 ಎಂಬ ಅಪ್‌ಡೇಟ್ ಹಾಕಿ. ಕ್ರಮ ಇದೇ, ಸರ್ವೀಸ್ ಪ್ಯಾಕ್ ಇಲ್ಲದೆ ಅಪ್‌ಡೇಟ್ ಕೂರುವುದಿಲ್ಲ. ಇನ್‌ಸ್ಟಾಲರಿನ ಡಿಜಿಟಲ್ ಸಹಿಯನ್ನೇ ವಿಂಡೋಸ್ 7 ಒಪ್ಪದಿದ್ದರೆ ಕೆಬಿ 4474419 ಹಾಕಿ. ಎಸ್‌ಎಚ್‌ಎ-2 ಬಗೆಯ ಸಹಿಗಳನ್ನು ಗುರುತಿಸುವ ಶಕ್ತಿ ಅದರಿಂದ ಬರುತ್ತದೆ.

‘ಜಾವಾ ವರ್ಚುವಲ್ ಮಷೀನ್ ರಚಿಸಲಾಗಲಿಲ್ಲ’ ಎಂಬರ್ಥದ ಸಂದೇಶ ಬಂದರೆ ಸಾಮಾನ್ಯವಾಗಿ ಮೆಮೊರಿ ಸಾಲದು. ಬ್ರೌಸರ್ ಮುಚ್ಚಿ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಸಿಸ್ಟಮ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಪರ್ಫಾರ್ಮೆನ್ಸ್ ದಾರಿಯಲ್ಲಿ ಹೋಗಿ ವರ್ಚುವಲ್ ಮೆಮೊರಿಯನ್ನು ‘ಆಟೊಮ್ಯಾಟಿಕ್’ ಮಾಡಿ, ಸಿ ಡ್ರೈವಿನಲ್ಲಿ ಜಾಗ ಖಾಲಿ ಮಾಡಿಕೊಡಿ. ಅದಕ್ಕೂ ಬಗ್ಗದಿದ್ದರೆ ಅದೇ ಕಡೆ ಇರುವ ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ ಪಟ್ಟಿಯಲ್ಲಿ ಜಾವಾ ಆಪ್ಷನ್ಸ್ ಎಂಬರ್ಥದ ಹೆಸರಿನಲ್ಲಿ, ಹಿಂದೆ ಯಾವುದೋ ಪ್ರೋಗ್ರಾಮಿಗಾಗಿ ಹಾಕಿಟ್ಟ ಬೆಲೆ ಉಳಿದಿದೆಯೇ ನೋಡಿ. ಇದ್ದರೆ ಬರೆದಿಟ್ಟುಕೊಂಡು ಅಳಿಸಿ.

ತೆರೆದರೂ ನಕ್ಷೆಯ ಜಾಗ ಬೆಳ್ಳಗೆ ಖಾಲಿ ಇದ್ದು, ಮೌಸ್ ಆಡಿಸಿದಾಗ ಮಿನುಗಿದರೆ ಅದು ಗ್ರಾಫಿಕ್ಸ್ ಡ್ರೈವರಿನ ಕೆಲಸ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ಹೆಸರು ಓದಿ. ‘ಸ್ಟ್ಯಾಂಡರ್ಡ್ ವಿಜಿಎ’ ಎಂದೋ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ’ ಎಂದೋ ಇದ್ದರೆ ನಿಜವಾದ ಡ್ರೈವರ್ ಹಾಕಿಯೇ ಇಲ್ಲ. ಕಂಪ್ಯೂಟರಿನ ಅಥವಾ ಮದರ್‌ಬೋರ್ಡಿನ ಮಾದರಿ ಹೆಸರು ಹಿಡಿದು ತಯಾರಕರ ತಾಣದಿಂದಲೇ ಅದನ್ನು ತನ್ನಿ. ಡ್ರೈವರ್ ಸಿಗದೇ ಹೋದರೆ ಜಾವಾ ಡೈರೆಕ್ಟ್3ಡಿ ಬಳಸದಂತೆ ತಡೆಯಬಹುದು: ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ನಲ್ಲಿ ‘ನ್ಯೂ’ ಒತ್ತಿ, ಹೆಸರಿನ ಕಡೆ ದೊಡ್ಡ ಅಕ್ಷರದಲ್ಲಿ ಜೆ2ಡಿ_ಡಿ3ಡಿ ಎಂದೂ, ಬೆಲೆಯ ಕಡೆ ಸಣ್ಣ ಅಕ್ಷರದಲ್ಲಿ ಫಾಲ್ಸ್ ಎಂದೂ ಕೊಟ್ಟು ಜಿಯೋಜೀಬ್ರಾವನ್ನು ಮತ್ತೆ ತೆರೆಯಿರಿ. ಮಿನುಗುವಿಕೆ ಇದರಿಂದ ನಿಲ್ಲುವುದುಂಟು. ಮೂರು ಆಯಾಮದ ನೋಟಕ್ಕೆ ಮಾತ್ರ ಓಪನ್‌ಜಿಎಲ್ ಬೆಂಬಲವಿರುವ ಡ್ರೈವರ್ ಬೇಕೇ ಬೇಕು.

ನಿನ್ನೆವರೆಗೆ ಸರಿಯಿದ್ದು ಇಂದು ಕಿಟಕಿಗಳೆಲ್ಲ ಕಲಸಿಹೋಗಿದ್ದರೆ ಮತ್ತೆ ಅಳವಡಿಸುವ ಅಗತ್ಯವಿಲ್ಲ. ಆಪ್ಷನ್ಸ್ ಮೆನುವಿನಲ್ಲಿ ‘ರಿಸ್ಟೋರ್ ಡಿಫಾಲ್ಟ್ ಸೆಟ್ಟಿಂಗ್ಸ್’ ಒತ್ತಿದರೆ ಸಾಕು.

ನಕ್ಷೆ ತಪ್ಪಾಗಿ ಬಂದರೆ

ಇಲ್ಲಿ ಕಂಪ್ಯೂಟರಿನ ದೋಷ ಇರುವುದಿಲ್ಲ, ಆದರೂ ಬೈಗುಳ ಅದಕ್ಕೇ ಬೀಳುತ್ತದೆ. ಮಗು ಸೈನ್ 30 ಎಷ್ಟೆಂದು ಕೇಳಿದರೆ ಜಿಯೋಜೀಬ್ರಾ −0.99 ಎನ್ನುತ್ತದೆ. ಅದು 30ನ್ನು ರೇಡಿಯನ್ ಎಂದುಕೊಂಡಿದೆ. ಆಲ್ಟ್ ಜೊತೆ ಓ ಅಕ್ಷರ ಒತ್ತಿ 30 ಆದ ಮೇಲೆ ಡಿಗ್ರಿ ಚಿಹ್ನೆ ಹಾಕಿ, 0.5 ಬರುತ್ತದೆ. ಲಾಗ್ ಎಂದಷ್ಟೇ ಬರೆದರೆ ಆಧಾರ ಯಾವುದೆಂಬ ಗೊಂದಲ. ಸಹಜ ಲಾಗರಿದಮ್‌ಗೆ ‘ಎಲ್ಎನ್’, ಹತ್ತರ ಆಧಾರಕ್ಕೆ ‘ಎಲ್‌ಜಿ’ ಬಳಸಿ. ಎರಡು ಅಕ್ಷರ ಗುಣಿಸುವಾಗ ನಡುವೆ ನಕ್ಷತ್ರ ಚಿಹ್ನೆ ಹಾಕಿ, ಇಲ್ಲವೇ ಜಾಗ ಬಿಡಿ. ಅಂಟಿಸಿ ಬರೆದರೆ ಹಳೆಯ ಆವೃತ್ತಿಗಳು ಅದನ್ನು ಒಂದೇ ಹೊಸ ಹೆಸರೆಂದು ಓದುತ್ತವೆ.

ಸೂತ್ರ ಸರಿಯಿದ್ದೂ ಗೆರೆಯೇ ಕಾಣದಿದ್ದರೆ ನೋಟ ಬೇರೆಲ್ಲೋ ಜಾರಿರುತ್ತದೆ. ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ‘ಶೋ ಆಲ್ ಆಬ್ಜೆಕ್ಟ್ಸ್’ ಕೊಡಿ, ಅಥವಾ ಕಂಟ್ರೋಲ್ ಎಂ ಒತ್ತಿ ಮೂಲ ನೋಟಕ್ಕೆ ಬನ್ನಿ. ಬೀಜಗಣಿತ ನೋಟದಲ್ಲಿ ಆ ಸೂತ್ರದ ಎಡಗಡೆಯ ಪುಟ್ಟ ವೃತ್ತ ಖಾಲಿ ಇದ್ದರೆ ಗೆರೆಯನ್ನು ಯಾರೋ ಅಡಗಿಸಿದ್ದಾರೆ, ಅದನ್ನೊಮ್ಮೆ ಒತ್ತಿ. ವೃತ್ತ ಮೊಟ್ಟೆಯಂತೆ ಕಂಡರೆ ಅಕ್ಷಗಳ ಅನುಪಾತ ಕೆಟ್ಟಿದೆ. ಬಲಗುಂಡಿಯ ಅದೇ ಪಟ್ಟಿಯಲ್ಲಿ ಅನುಪಾತವನ್ನು 1:1 ಮಾಡಿ.

ನಿಧಾನವಾದರೆ

ಸ್ಲೈಡರ್ ಎಳೆದಾಗ ಗೆರೆ ತಡೆದು ತಡೆದು ಬರುತ್ತಿದ್ದರೆ ಮೊದಲು ‘ಟ್ರೇಸ್’ (ಗೆರೆ ಸರಿದ ಜಾಡು ಉಳಿಸುವ ಆಯ್ಕೆ) ನಿಲ್ಲಿಸಿ. ಸ್ಪ್ರೆಡ್‌ಶೀಟ್, ಸಿಎಎಸ್ (ಬೀಜಗಣಿತದ ಲೆಕ್ಕ ಬಿಡಿಸುವ ನೋಟ), ಮೂರು ಆಯಾಮದ ನೋಟಗಳನ್ನು ವ್ಯೂ ಮೆನುವಿನಿಂದ ಮುಚ್ಚಿ. ಬಿಂದುಪಥ, ಅಸಮತೆಯ ಬಣ್ಣ ತುಂಬಿದ ಭಾಗ, ನೂರಾರು ವಸ್ತುಗಳನ್ನು ಒಟ್ಟಿಗೆ ಬರೆಯುವ ಸೀಕ್ವೆನ್ಸ್ ಆಜ್ಞೆ, ಇವು ಭಾರದ ಕೆಲಸಗಳು. ಒಂದು ಫೈಲಿನಲ್ಲಿ ಇವನ್ನೆಲ್ಲ ತುರುಕುವ ಬದಲು ಪಾಠದ ಪ್ರತಿ ಹಂತಕ್ಕೂ ಚಿಕ್ಕ ಫೈಲು ಮಾಡಿ. ಸ್ಲೈಡರಿನ ಹೆಜ್ಜೆ 0.1 ಇರುತ್ತದೆ, 0.5 ಮಾಡಿದರೆ ಲೆಕ್ಕದ ಹೊರೆ ಇಳಿಯುತ್ತದೆ. ಎ ಎಂಬ ಸಹಗುಣಕ ಸೊನ್ನೆ ಮುಟ್ಟುವುದನ್ನು ತೋರಿಸಲು ಅಷ್ಟು ಸಾಕು.

ದುಡ್ಡು ಹಾಕುವುದಾದರೆ ರ‍್ಯಾಮಿಗೆ ಹಾಕಿ. ಹಳೆಯ ಡಿಡಿಆರ್3 ಪಟ್ಟಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಇರುವ ಪಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಡಿಡಿಆರ್2ರ ಜಾಗಕ್ಕೆ ಡಿಡಿಆರ್3 ಕೂರುವುದಿಲ್ಲ, ಕಚ್ಚು ಬೇರೆ ಕಡೆ ಇರುತ್ತದೆ.

ಲಿನಕ್ಸ್ ಇದ್ದರೆ, ಅಥವಾ ಹಾಕುವುದಾದರೆ

64 ಬಿಟ್ ಯಂತ್ರಕ್ಕೆ ಲುಬುಂಟು, ಜುಬುಂಟುವಿನಂಥ ಹಗುರ ಲಿನಕ್ಸ್ ಹೊಂದುತ್ತದೆ. 32 ಬಿಟ್ ಯಂತ್ರಕ್ಕೆ ಆಯ್ಕೆ ಕಿರಿದಾಗಿದೆ: ಉಬುಂಟು ತನ್ನ 32 ಬಿಟ್ ಡೆಸ್ಕ್‌ಟಾಪ್ 2017ರಲ್ಲೇ ನಿಲ್ಲಿಸಿತು, ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ 12ನೇ ಆವೃತ್ತಿಯಲ್ಲಿ ಅಂಥ ಇನ್‌ಸ್ಟಾಲರ್ ಇದೆ, 13ರಲ್ಲಿ ಇಲ್ಲ. ಹಾಗಾಗಿ ಡೆಬಿಯನ್ 12, ಜೊತೆಗೆ ಹಗುರ ಡೆಸ್ಕ್‌ಟಾಪ್ ಆದ ಎಲ್‌ಎಕ್ಸ್‌ಡಿಇ.

ಉಬುಂಟು, ಡೆಬಿಯನ್ ಭಂಡಾರಗಳಿಂದ ನೇರವಾಗಿ ಹಾಕಿದರೆ ಸಿಗುವುದು 4.0 ಆವೃತ್ತಿ. ಹಗುರವಾಗಿದೆ, ನೆಟ್ ಕೆಟ್ಟರೂ ಚಿಂತೆಯಿಲ್ಲ, ಆದರೆ ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲುಗಳು ಇದರಲ್ಲಿ ಸರಿಯಾಗಿ ತೆರೆಯುತ್ತವೆಂಬ ಭರವಸೆಯಿಲ್ಲ. ಬೇರೆ ಶಿಕ್ಷಕರ ಫೈಲುಗಳನ್ನು ಬಳಸುವವರು ಕ್ಲಾಸಿಕ್ 5ರ ಲಿನಕ್ಸ್ ಪೋರ್ಟಬಲ್ ತೆಗೆದುಕೊಳ್ಳಿ.

ಐಕಾನ್ ಒತ್ತಿದರೆ ಏನೂ ಆಗುತ್ತಿಲ್ಲವೇ? ಟರ್ಮಿನಲ್ಲಿನಿಂದ ಓಡಿಸಿ ನೋಡಿ, ಅಲ್ಲಿ ಕಾರಣ ಬರೆದು ಬರುತ್ತದೆ. ‘ಹೆಡ್‌ಲೆಸ್ ಎಕ್ಸೆಪ್ಶನ್’ ಎಂಬ ಪದ ಕಂಡರೆ ಕಿಟಕಿ ತೆರೆಯುವ ಶಕ್ತಿಯಿಲ್ಲದ ಜಾವಾ ಮಾತ್ರ ಇದೆ ಎಂದರ್ಥ. ಪ್ಯಾಕೇಜ್ ಮ್ಯಾನೇಜರಿನಲ್ಲಿ ‘ಡಿಫಾಲ್ಟ್-ಜೆಆರ್‌ಇ’ ಹುಡುಕಿ ಹಾಕಿ, ‘ಹೆಡ್‌ಲೆಸ್’ ಎಂಬ ಬಾಲವಿಲ್ಲದ್ದು.

ನಕ್ಷೆಯ ಮೇಲೆ ಕನ್ನಡ

ಅಕ್ಷದ ಪಕ್ಕ ‘ಕಾಲ’, ‘ದೂರ’ ಎಂದು ಕನ್ನಡದಲ್ಲಿ ಬರೆಯಲು ಸಾಧ್ಯ. ಬರೆಯಲೂ ಬೇಕು, ಕನ್ನಡ ಮಾಧ್ಯಮದ ಮಕ್ಕಳು ಪುಸ್ತಕದಲ್ಲಿ ಓದಿದ ಪದ ಪರದೆಯ ಮೇಲೂ ಕಾಣಬೇಕು. ಚೌಕಾಕಾರದ ಡಬ್ಬಿಗಳು ಬಂದರೆ ಕನ್ನಡ ಫಾಂಟ್ ಇಲ್ಲ. ವಿಂಡೋಸ್ 7ರಲ್ಲಿ ತುಂಗಾ ಇರುತ್ತದೆ, 8ರಿಂದ ಈಚೆಗೆ ನಿರ್ಮಲಾ ಯುಐ. ಡೆಬಿಯನ್, ಉಬುಂಟುವಿನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು ಫಾಂಟುಗಳು ಬರುತ್ತವೆ. ಡಬ್ಬಿಯ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬಂದರೆ ಕಾರಣ ಬೇರೆ: ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ಹಳೆಯ ವಿಧಾನದಲ್ಲಿ ಟೈಪ್ ಮಾಡಿದ್ದೀರಿ. ಯೂನಿಕೋಡ್ ಆಯ್ಕೆ ಮಾಡಿ ಮತ್ತೆ ಟೈಪ್ ಮಾಡಿ.

ಹಿಂದಿನ ಬೆಂಚಿಗೂ ಕಾಣುವಂತೆ ಆಪ್ಷನ್ಸ್‌ನಲ್ಲಿ ಫಾಂಟ್ ಗಾತ್ರ 18ಕ್ಕೆ ಏರಿಸಿ, ‘ಸೇವ್ ಸೆಟ್ಟಿಂಗ್ಸ್’ ಕೊಡಿ.

ಫೈಲು ತೆರೆಯದಿದ್ದರೆ

ಜಿಯೋಜೀಬ್ರಾದ ‘ಜಿಜಿಬಿ’ ಫೈಲು ನಿಜವಾಗಿ ಒಂದು ಜಿಪ್. ನಕಲು ಮಾಡಿಕೊಂಡು, ನಕಲಿನ ಕೊನೆಯ ಮೂರಕ್ಷರವನ್ನು ‘ಜಿಪ್’ ಎಂದು ಬದಲಿಸಿ ತೆರೆಯಿರಿ. ಒಳಗೆ ಒಂದು ಎಕ್ಸ್‌ಎಂಎಲ್ ಫೈಲೂ ಪುಟ್ಟ ಚಿತ್ರವೂ ಕಂಡರೆ ಫೈಲು ಗಟ್ಟಿಯಾಗಿದೆ, ನಿಮ್ಮ ಆವೃತ್ತಿ ಹಳೆಯದು. ಜಿಪ್ಪಾಗಿಯೂ ತೆರೆಯದಿದ್ದರೆ ಪೆನ್‌ಡ್ರೈವಿನಲ್ಲಿ ಅರ್ಧಕ್ಕೇ ನಿಂತ ನಕಲು ಅದು. ಮೂಲ ಕಂಪ್ಯೂಟರಿನಿಂದ ಮತ್ತೆ ತರಬೇಕು.

ಒಂದು ಯಂತ್ರದಲ್ಲಿ ಎಲ್ಲ ಸರಿಯಾದ ಮೇಲೆ, ಬಿಚ್ಚಿದ ಪೋರ್ಟಬಲ್ ಫೋಲ್ಡರನ್ನೂ ಪಾಠದ ಫೈಲುಗಳನ್ನೂ ಒಟ್ಟಿಗೆ ನಕಲಿಸಿ ಉಳಿದ ಯಂತ್ರಗಳ ಡಿ ಡ್ರೈವಿಗೆ ಹಾಕಿ. ವಿಂಡೋಸ್ ಮತ್ತೆ ಹಾಕುವ ಕಾಲ ಬಂದು ಸಿ ಡ್ರೈವ್ ಅಳಿಸಿದರೂ ಅವು ಉಳಿಯುತ್ತವೆ.